ಘಾಟಿಯಲ್ಲಿ ಸ್ಪ್ರಿಂಗ್ ಪಟ್ಟಿ ಮುರಿದರೆ ವ್ಯಾನ್ ಎತ್ತುವುದು ಹೇಗೆ?

ಪಂಕ್ಚರ್ ಆದರೆ ಜಾಕಿ ಕೊಟ್ಟು ಸ್ಟೆಪ್ನಿ ಹಾಕುವುದು ಕೊಡಗಿನಲ್ಲಿ ವ್ಯಾನ್ ಇಟ್ಟುಕೊಂಡ ಎಲ್ಲರಿಗೂ ಗೊತ್ತು. ಅದೇ ಧೈರ್ಯದಲ್ಲಿ ಸಸ್ಪೆನ್ಷನ್ ಕೆಲಸಕ್ಕೂ ಜಾಕಿ ಕೊಟ್ಟು ಕೆಳಗೆ ನುಗ್ಗುತ್ತಾರೆ. ತೊಂದರೆ ಶುರುವಾಗುವುದೇ ಅಲ್ಲಿ. ಪಂಕ್ಚರ್ ಆದಾಗ ಬಿಚ್ಚುವುದು ಚಕ್ರ ಮಾತ್ರ, ವ್ಯಾನ್ ಕೆಳಗೆ ತಲೆ ಹಾಕುವ ಅಗತ್ಯವೇ ಇರುವುದಿಲ್ಲ. ಸಸ್ಪೆನ್ಷನ್ ಕೆಲಸದಲ್ಲಿ ಬಾಡಿಯನ್ನು ಹೊತ್ತು ನಿಂತ ಭಾಗವನ್ನೇ ಬಿಚ್ಚುತ್ತೀರಿ. ಸ್ಪ್ರಿಂಗ್ ಪಟ್ಟಿಯನ್ನು ಆಕ್ಸೆಲ್‌ಗೆ ಬಿಗಿದು ಹಿಡಿಯುವ ಯು ಬೋಲ್ಟ್ ಸಡಿಲ ಮಾಡಿದ ಮೇಲೆ ಚಕ್ರ ನೆಲದ ಮೇಲಿದ್ದರೂ ಆ ಮೂಲೆಯಲ್ಲಿ ಬಾಡಿಗೆ ಭದ್ರ ಆಧಾರ ಇಲ್ಲ. ಹಾಗಾಗಿ ಜಾಕಿ ಇರುವುದು ಎತ್ತುವುದಕ್ಕೆ. ಎತ್ತಿದ್ದನ್ನು ಹೊರುವುದಕ್ಕೆ ಬೇರೆಯೇ ಆಸರೆ ಬೇಕು.

ಇಲ್ಲಿ ಮಾರುತಿ ಓಮ್ನಿಯನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. 2019ರಲ್ಲಿ ಅದರ ತಯಾರಿಕೆ ನಿಂತಿತು, ಆದರೆ ನಮ್ಮ ತೋಟದ ದಾರಿಗಳಲ್ಲಿ ಇನ್ನೂ ನಿಂತಿಲ್ಲ. ಅದರ ಮುಂದಿನ ಚಕ್ರಗಳಿಗೆ ಸ್ಟ್ರಟ್ (ಶಾಕ್ ಅಬ್ಸಾರ್ಬರ್, ಕಾಯಿಲ್ ಸ್ಪ್ರಿಂಗ್ ಒಟ್ಟಿಗೇ ಇರುವ ಕಂಬ), ಹಿಂದಿನವಕ್ಕೆ ಸ್ಪ್ರಿಂಗ್ ಪಟ್ಟಿ (ಒಂದರ ಮೇಲೊಂದು ಕಟ್ಟಿದ ಉಕ್ಕಿನ ಪಟ್ಟಿಗಳು). ಈಕೋದಲ್ಲಿ ಹಿಂದೆ ಪಟ್ಟಿಯ ಬದಲು ಕಾಯಿಲ್ ಸ್ಪ್ರಿಂಗ್ ಇದೆ. ಪಿಕಪ್, ಟ್ರಾವೆಲರ್ ಆದರೆ ತೂಕ ಜಾಸ್ತಿ. ಅವಕ್ಕೆ ಜಾಕಿ, ಸ್ಟ್ಯಾಂಡ್ ಎರಡೂ ದೊಡ್ಡವು ಬೇಕು.

ಮೊದಲ ಪ್ರಶ್ನೆ: ಎತ್ತಲೇಬೇಕಾ?

ಎಷ್ಟೋ ಸಲ ಬೇಕಿಲ್ಲ. ಹಿಂದಿನ ಶಾಕ್ ಅಬ್ಸಾರ್ಬರ್ ಕಿತ್ತುಬಂದು ನೇತಾಡುತ್ತಿದ್ದರೆ ಅದನ್ನು ಬಿಚ್ಚಿ ಅಥವಾ ತಂತಿಯಿಂದ ಬಿಗಿಯಾಗಿ ಕಟ್ಟಿ, ನಿಧಾನಕ್ಕೆ ಓಡಿಸಿಕೊಂಡು ಊರು ಸೇರಬಹುದು. ಪಟ್ಟಿಯ ಕಟ್ಟಿನಲ್ಲಿ ಕೆಳಗಿನ ಗಿಡ್ಡ ಪಟ್ಟಿ ಮುರಿದಿದ್ದರೂ ಖಾಲಿ ವ್ಯಾನ್ ಗ್ಯಾರೇಜ್ ತನಕ ತೆವಳಿಕೊಂಡು ಹೋಗುತ್ತದೆ. ಎತ್ತಬೇಕಾಗುವುದು ಮೇಲಿನ ಮುಖ್ಯ ಪಟ್ಟಿಯೇ ಮುರಿದಾಗ, ಪಟ್ಟಿಗಳನ್ನು ನಡುವೆ ಪೋಣಿಸಿದ ಸೆಂಟರ್ ಬೋಲ್ಟ್ ತುಂಡಾಗಿ ಹೌಸಿಂಗ್ (ಹಿಂದಿನ ಆಕ್ಸೆಲ್‌ನ ಕೊಳವೆ) ಜಾರಿದಾಗ, ಇಲ್ಲವೇ ಪಟ್ಟಿಯ ತುದಿಯನ್ನು ಬಾಡಿಗೆ ಸೇರಿಸುವ ಶ್ಯಾಕಲ್ ಕಳಚಿದಾಗ. ವ್ಯಾನ್ ಒಂದು ಕಡೆ ವಾಲಿ, ಹಿಂದಿನ ಚಕ್ರ ಒಂದು ಬದಿಯಲ್ಲಿ ಹಿಂದಕ್ಕೆ ಸರಿದಂತೆ ಕಂಡರೆ ಇವುಗಳಲ್ಲಿ ಒಂದು ಆಗಿದೆ ಎಂದು ತಿಳಿಯಿರಿ.

ಮುಂದಿನ ಸ್ಟ್ರಟ್ ಕೆಲಸ ಮಾತ್ರ ರಸ್ತೆ ಬದಿಯಲ್ಲಿ ಬೇಡವೇ ಬೇಡ. ಅದರ ಕಾಯಿಲ್ ಸ್ಪ್ರಿಂಗ್ ಅದುಮಿಟ್ಟ ಸ್ಥಿತಿಯಲ್ಲೇ ಇರುತ್ತದೆ. ಸ್ಪ್ರಿಂಗ್ ಒತ್ತಿ ಹಿಡಿಯುವ ಸಾಧನವಿಲ್ಲದೆ ಮೇಲಿನ ನಡುವಿನ ನಟ್ ಬಿಚ್ಚಿದರೆ ಅದು ಗುಂಡು ಹಾರಿದಂತೆ ಹಾರಿ ಮುಖಕ್ಕೇ ಬರುತ್ತದೆ. ಮುಂದಿನ ಚಕ್ರವನ್ನು ಹಿಡಿದಿಡುವ ಗುಂಡು ಕೀಲು, ಅಂದರೆ ಬಾಲ್ ಜಾಯಿಂಟ್ ಕಳಚಿದ್ದರೂ ಓಡಿಸುವ ಸಾಹಸ ಬೇಡ, ಚಕ್ರ ಮಡಚಿಕೊಳ್ಳುತ್ತದೆ. ಎರಡಕ್ಕೂ ಟೋಯಿಂಗ್ ಗಾಡಿ ಕರೆಸಿ.

ಜಾಗ ನೋಡಿ ನಿಲ್ಲಿಸಿ

ಕೆಲಸದ ಅರ್ಧ ಭಾಗ ಜಾಗದ ಆಯ್ಕೆಯಲ್ಲೇ ಮುಗಿಯುತ್ತದೆ. ಘಾಟಿ ರಸ್ತೆಯ ಒಳಬದಿ ಗುಡ್ಡ ಕಡಿದು ಮಾಡಿದ್ದು. ಹೊರಬದಿ ಹೆಚ್ಚಾಗಿ ಆ ಕಡಿದ ಮಣ್ಣನ್ನೇ ತುಂಬಿ ಮಾಡಿದ್ದು. ಮಳೆಗಾಲದಲ್ಲಿ ಹೊರ ಅಂಚಿನ ಮಣ್ಣು ಮೇಲ್ನೋಟಕ್ಕೆ ಗಟ್ಟಿಯಾಗಿ ಕಂಡರೂ ಜಾಕಿಯ ಕಾಲಿಗೆ ತಡೆಯುವುದಿಲ್ಲ. ಹಾಗಂತ ಬರೆಯ (ಕಡಿದ ಗುಡ್ಡದ ಗೋಡೆಯ) ಬುಡಕ್ಕೆ ಅಂಟಿಕೊಂಡು ನಿಲ್ಲಿಸುವುದೂ ಸರಿಯಲ್ಲ. 2018ರ ಆಗಸ್ಟ್‌ನಲ್ಲಿ ಮದೆನಾಡು, ಜೋಡುಪಾಲದ ಕಡೆ ಬರೆ ಜರಿದು ಮಡಿಕೇರಿ–ಸಂಪಾಜೆ ರಸ್ತೆಯೇ ಬಂದ್ ಆಗಿದ್ದನ್ನು ಮರೆತವರಿಲ್ಲ. ಬರೆಯಿಂದ ಕೆಸರು ನೀರು ಇಳಿಯುತ್ತಿದ್ದರೆ, ಹೊಸ ಮಣ್ಣು ಬಿದ್ದಿದ್ದರೆ ಅಲ್ಲಿಂದ ಮುಂದಕ್ಕೆ ಹೋಗಿ.

ಚಕ್ರ ಉರುಳುತ್ತಿದೆ, ಸ್ಟೇರಿಂಗ್ ಮತ್ತು ಬ್ರೇಕ್ ಮಾತು ಕೇಳುತ್ತಿವೆ ಎಂದಾದರೆ ಫಸ್ಟ್ ಗೇರ್‌ನಲ್ಲಿ ಅರ್ಧ ಕಿಲೋಮೀಟರ್ ಹೋಗಿಯಾದರೂ ಸಮತಟ್ಟಾದ ಜಾಗ ಹಿಡಿಯಿರಿ. ಟೈರ್ ಸ್ವಲ್ಪ ಸವೆದರೆ ಸವೆಯಲಿ. ಪೆಟ್ರೋಲ್ ಬಂಕ್, ಅಂಗಡಿ ಮುಂದಿನ ಕಾಂಕ್ರೀಟ್, ಬಸ್ ತಂಗುದಾಣದ ಪಕ್ಕ ಎಲ್ಲವೂ ಆಗುತ್ತದೆ. ನನ್ನ ಮಟ್ಟಿಗೆ ಕಾಫಿ ಕಣಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ಸಿಮೆಂಟ್ ನೆಲ, ಮಟ್ಟವಾಗಿರುತ್ತದೆ, ಗಾಡಿಗಳ ಓಡಾಟವಿಲ್ಲ. ತೋಟದ ಗೇಟಿನಲ್ಲಿ ಕೇಳಿ ನೋಡಿ. ಕಣದಲ್ಲಿ ಕಾಫಿ ಹರಡಿರದಿದ್ದರೆ ಬೇಡ ಎನ್ನುವವರು ಕಡಿಮೆ.

ಆನೆಚೌಕೂರು–ತಿತಿಮತಿ ನಡುವೆ ಅಥವಾ ಮಾಕುಟ್ಟ ಘಾಟಿಯ ಕಾಡಿನಲ್ಲಿ ಕತ್ತಲಾದ ಮೇಲೆ ಕೆಟ್ಟರೆ ರಿಪೇರಿಯ ಯೋಚನೆ ಬಿಡಿ. ಆನೆ ಓಡಾಡುವ ಜಾಗ. ಲೈಟ್ ಹಾಕಿಕೊಂಡು ವ್ಯಾನ್ ಒಳಗೇ ಕೂತು ಸಹಾಯಕ್ಕೆ ಕರೆ ಮಾಡಿ. ತುರ್ತು ಸಂಖ್ಯೆ 112. ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ 1033. ನೆಟ್‌ವರ್ಕ್ ಇಲ್ಲದಿದ್ದರೆ ಹೋಗುವ ಬಸ್ ಡ್ರೈವರ್ ಕೈಯಲ್ಲಿ ಹೇಳಿ ಕಳಿಸುವುದೇ ದಾರಿ.

ಬೇರೆಯವರಿಗೆ ಕಾಣಬೇಕು

ನಾಲ್ಕೂ ಇಂಡಿಕೇಟರ್ ಹಾಕಿ. ಕೆಂಪು ತ್ರಿಕೋನವನ್ನು ಕನಿಷ್ಠ 50 ಹೆಜ್ಜೆ ಹಿಂದೆ ಇಡಿ. ತಿರುವಿನಲ್ಲಿ ಹೆಜ್ಜೆಯ ಲೆಕ್ಕ ನಡೆಯುವುದಿಲ್ಲ, ತ್ರಿಕೋನ ತಿರುವಿಗಿಂತ ಮೊದಲೇ ಇರಬೇಕು. ತಿರುವು ದಾಟಿದ ಮೇಲೆ ಕಂಡರೆ ಇಳಿಜಾರಿನಲ್ಲಿ ಬರುವ ಲಾರಿಗೆ ಬ್ರೇಕ್ ಹಿಡಿಯಲು ಸಮಯವೇ ಸಿಗುವುದಿಲ್ಲ. ಸೊಪ್ಪಿನ ಕೊಂಬೆ ಮುರಿದು ರಸ್ತೆಗೆ ಹಾಕುವ ನಮ್ಮ ಹಳೇ ಪದ್ಧತಿಯೂ ಒಳ್ಳೆಯದೇ, ದೂರದಿಂದಲೇ ಅರ್ಥವಾಗುತ್ತದೆ. ಆದರೆ ಮಂಜು ಕವಿದಾಗ ಹಸಿರು ಸೊಪ್ಪು ಕಾಣುವುದಿಲ್ಲ, ತ್ರಿಕೋನ ಹೊಳೆಯುತ್ತದೆ. ಜೊತೆಗೆ ಇನ್ನೊಬ್ಬರಿದ್ದರೆ ಟಾರ್ಚ್ ಕೊಟ್ಟು ಅಲ್ಲಿ ನಿಲ್ಲಿಸಿ. ಅವರ ಕೆಲಸ ರಸ್ತೆ ನೋಡುವುದು ಅಷ್ಟೇ, ಸ್ಪ್ಯಾನರ್ ಎತ್ತಿ ಕೊಡುವುದಲ್ಲ.

ಎಲ್ಲರನ್ನೂ ಕೆಳಗಿಳಿಸಿ. ಸಾಮಾನನ್ನೂ ಇಳಿಸಿ. 50 ಕೆಜಿಯ ಹತ್ತು ಚೀಲ ಕಾಫಿ ಇದ್ದರೆ ಅದೇ ಅರ್ಧ ಟನ್. ಖಾಲಿ ಓಮ್ನಿಯ ತೂಕವೇ 800 ಕೆಜಿ ಹತ್ತಿರ. ಇಳಿಸಿ ಹತ್ತಿಸಲು ಬೇಜಾರು ನಿಜ. ಆದರೆ ಆ ಭಾರವೆಲ್ಲ ಕೂರುವುದು ನೀವು ಎತ್ತಲು ಹೊರಟ ಹಿಂಬದಿಯ ಮೇಲೆಯೇ ಅಲ್ವಾ?

ಉರುಳದಂತೆ ತಡೆಯುವುದು

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಓಮ್ನಿಯಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಎರಡು ಚಕ್ರಗಳನ್ನು ಮಾತ್ರ. ಎಂಜಿನ್ ತಿರುಗಿಸುವುದೂ ಅವನ್ನೇ. ಈಗ ಹಿಂದಿನ ಒಂದು ಚಕ್ರವನ್ನು ಎತ್ತಿದಿರಿ ಎನ್ನಿ. ಗೇರ್ ಹಾಕಿದ್ದರೂ ಡಿಫರೆನ್ಷಿಯಲ್ (ಎರಡು ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ) ಇರುವುದರಿಂದ ಗಾಳಿಯಲ್ಲಿರುವ ಚಕ್ರ ಒಂದು ದಿಕ್ಕಿಗೆ, ನೆಲದ ಮೇಲಿರುವುದು ಇನ್ನೊಂದು ದಿಕ್ಕಿಗೆ ತಿರುಗಬಹುದು. ಅಂದರೆ ಗೇರ್ ಹಿಡಿತ ಕೆಲಸಕ್ಕೆ ಬರಲಿಲ್ಲ. ಉಳಿದದ್ದು ಒಂದೇ ಚಕ್ರದ ಹ್ಯಾಂಡ್‌ಬ್ರೇಕ್. ಅದರ ಕೇಬಲ್ ಎಷ್ಟು ವರ್ಷ ಹಳೆಯದು ಎಂದು ನಿಮಗೇ ಗೊತ್ತು.

ಆದ್ದರಿಂದ ಹ್ಯಾಂಡ್‌ಬ್ರೇಕ್ ಎಳೆದು, ಗೇರ್ ಹಾಕಿ, ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಮರದ ಬೆಣೆ ಕೊಡಿ. ಕಲ್ಲೇ ಗತಿ ಎಂದಾದರೆ ಚಪ್ಪಟೆ ಮುಖದ, ಚೂಪು ಅಂಚಿನ ಕಲ್ಲು ಆರಿಸಿ, ಟೈರ್ ಸಂದಿಗೆ ತಳ್ಳಿ ಕಾಲಿನಿಂದ ಒದ್ದು ಬಿಗಿ ಮಾಡಿ. ಹೊಳೆಯ ದುಂಡು ಕಲ್ಲು ಟೈರ್ ಜೊತೆಗೇ ಉರುಳುತ್ತದೆ. ಇಳಿಜಾರಿನಲ್ಲಿ ಮುಂದಿನ ಚಕ್ರಗಳನ್ನು ಬರೆಯ ಕಡೆಗೆ ತಿರುಗಿಸಿಡಿ. ನೀರು ಹರಿಯುವಷ್ಟು ಇಳಿಜಾರು ಇದ್ದರೆ ಸಸ್ಪೆನ್ಷನ್ ಬಿಚ್ಚುವ ಜಾಗ ಅದಲ್ಲ.

ಎತ್ತುವ ಕ್ರಮ

ಚಕ್ರದ ನಟ್‌ಗಳನ್ನು ನೆಲದ ಮೇಲಿದ್ದಾಗಲೇ ಕಾಲು ಸುತ್ತು ಸಡಿಲ ಮಾಡಿ. ಎತ್ತಿದ ಮೇಲೆ ಸ್ಪ್ಯಾನರ್ ಮೇಲೆ ಹತ್ತಿ ಕುಣಿದರೆ ವ್ಯಾನ್ ಜಾಕಿಯಿಂದ ಜಾರುತ್ತದೆ.

ಜಾಕಿಯ ಕೆಳಗೆ ಹಲಗೆ ಬೇಕು. ಒಂದೂವರೆ ಇಂಚು ದಪ್ಪ, ಒಂದು ಅಡಿ ಉದ್ದಗಲದ್ದು ಸಾಕು. ಜಾಕಿಯ ಪಾದ ನಾಲ್ಕು ಇಂಚು ಮೂರು ಇಂಚು ಇದ್ದರೆ 12 ಚದರ ಇಂಚು ಆಯಿತು. ಹಲಗೆಯದು 144. ಭಾರ ಹನ್ನೆರಡು ಪಟ್ಟು ಜಾಗಕ್ಕೆ ಹರಡುತ್ತದೆ. ಸಿಲ್ವರ್ ಓಕ್ ಸುಲಭಕ್ಕೆ ಸಿಗುತ್ತದೆ, ಆದರೆ ಸೀಳುವುದೂ ಬೇಗ. ಹಲಸು, ಹೊನ್ನೆಯ ತುಂಡು ಸಿಕ್ಕರೆ ಎತ್ತಿಟ್ಟುಕೊಳ್ಳಿ.

ವ್ಯಾನ್ ಜೊತೆ ಬಂದ ಸ್ಕ್ರೂ ಜಾಕಿಯನ್ನು ಕಂಪನಿ ಗುರುತು ಮಾಡಿದ ಜಾಗಕ್ಕೇ ಕೊಡಿ. ಹಳೇ ವ್ಯಾನ್ ಆದರೆ ಮೊದಲು ಆ ಜಾಗವನ್ನು ಸ್ಪ್ಯಾನರ್‌ನಿಂದ ಕುಟ್ಟಿ ನೋಡಿ. ನಮ್ಮ ಮಳೆಗೆ ಅಲ್ಲಿನ ತಗಡು ಒಳಗಿಂದ ತುಕ್ಕು ಹಿಡಿದಿರುತ್ತದೆ. ಬಣ್ಣ ಹೊಡೆದಿದ್ದರೆ ಹೊರಗೆ ಗೊತ್ತಾಗುವುದಿಲ್ಲ. ಡಬಡಬ ಸದ್ದು ಬಂದರೆ, ಪುಡಿ ಉದುರಿದರೆ ಅಲ್ಲಿ ಎತ್ತಬೇಡಿ, ಗಟ್ಟಿ ಚಾಸಿ (ಬಾಡಿಯ ಅಡಿಯ ಉಕ್ಕಿನ ಚೌಕಟ್ಟು) ಹುಡುಕಿ. ಬಾಟಲ್ ಜಾಕಿಯನ್ನು (ಬಾಟಲಿಯಾಕಾರದ ಹೈಡ್ರಾಲಿಕ್ ಜಾಕಿ) ನೆಟ್ಟಗೆ ನಿಲ್ಲಿಸಬೇಕು. ಡಿಫರೆನ್ಷಿಯಲ್‌ನ ಉಬ್ಬಿದ ಹೊಟ್ಟೆಗೆ ಕೊಟ್ಟರೆ ಜಾರುತ್ತದೆ. ಪೆಟ್ರೋಲ್ ಟ್ಯಾಂಕ್, ಸೈಲೆನ್ಸರ್, ನೆಲದ ತಗಡು ಯಾವುದಕ್ಕೂ ಕೊಡಬಾರದು.

ಬಾಡಿ ಎತ್ತಿದಾಗ ಸ್ಪ್ರಿಂಗ್ ಬಿಚ್ಚಿಕೊಂಡು ಚಕ್ರ ಕೆಳಗೇ ಇಳಿಯುತ್ತದೆ. ಎಷ್ಟು ಎತ್ತಿದರೂ ಚಕ್ರ ನೆಲ ಬಿಡುತ್ತಿಲ್ಲ ಎಂದು ಜನ ಜಾಕಿ ಕೆಳಗೆ ಕಲ್ಲಿನ ಮೇಲೆ ಕಲ್ಲು ಇಡಲು ಶುರು ಮಾಡುತ್ತಾರೆ. ಬೇಡ. ಎರಡು ಹಂತದಲ್ಲಿ ಎತ್ತಿ. ಜಾಕಿ ಮುಕ್ಕಾಲು ಪಾಲು ಏರಿದಾಗ ನಿಲ್ಲಿಸಿ, ಚಾಸಿ ಕೆಳಗೆ ಆಸರೆ ಕೊಟ್ಟು ಭಾರವನ್ನು ಅದರ ಮೇಲೆ ಇಳಿಸಿ. ಆಮೇಲೆ ಜಾಕಿ ಕೆಳಗೆ ಇನ್ನೊಂದು ದಪ್ಪ ಹಲಗೆ ಸೇರಿಸಿ ಮತ್ತೆ ಎತ್ತಿ, ಆಸರೆಯನ್ನೂ ಏರಿಸಿ.

ಆಸರೆ ಎಂದರೆ ಜಾಕಿ ಸ್ಟ್ಯಾಂಡ್. ಪಟ್ಟಿಯ ಮುಂದಿನ ಕಣ್ಣು (ತುದಿಯ ಸುರುಳಿ) ಕೂರುವ ಜಾಗಕ್ಕಿಂತ ಸ್ವಲ್ಪ ಮುಂದೆ, ಗಟ್ಟಿ ಚಾಸಿಗೆ ಕೊಡಿ. ಅದರ ಕೆಳಗೂ ಹಲಗೆ ಇರಲಿ. ಸ್ಟ್ಯಾಂಡ್ ಇಲ್ಲದಿದ್ದರೆ ನಾಲ್ಕು ಇಂಚು ಚೌಕದ, ಒಂದೂವರೆ ಅಡಿ ಉದ್ದದ ಮರದ ತುಂಡುಗಳನ್ನು ಎರಡು ಉದ್ದಕ್ಕೆ, ಎರಡು ಅಡ್ಡಕ್ಕೆ ಜೋಡಿಸುತ್ತಾ ಅಟ್ಟಿ ಕಟ್ಟಿ. ತುಂಡಿನ ಉದ್ದಕ್ಕಿಂತ ಅಟ್ಟಿ ಎತ್ತರ ಆಗಬಾರದು. ಸಿಮೆಂಟ್ ಬ್ಲಾಕ್, ಇಟ್ಟಿಗೆ, ಕೆಂಪುಕಲ್ಲು ಇವುಗಳಲ್ಲಿ ಯಾವುದೂ ಬೇಡ. ಮರ ಮುರಿಯುವ ಮುನ್ನ ಸಾಮಾನ್ಯವಾಗಿ ಕಿರುಗುಟ್ಟುತ್ತದೆ. ಬ್ಲಾಕ್ ಹಾಗೆ ಮುನ್ಸೂಚನೆ ಕೊಡದೆ ಒಮ್ಮೆಲೇ ಪುಡಿಯಾಗುತ್ತದೆ.

ಭಾರ ಆಸರೆಯ ಮೇಲೆ ಕೂತ ಮೇಲೆ, ಕೆಳಗೆ ಹೋಗುವ ಮುನ್ನ, ಪಕ್ಕದಲ್ಲಿ ನಿಂತು ಬಾಡಿಗೆ ಕೈ ಕೊಟ್ಟು ಜೋರಾಗಿ ಅಲುಗಾಡಿಸಿ. ಬೀಳುವುದಿದ್ದರೆ ಈಗಲೇ ಬೀಳಲಿ. ಜಾಕಿಯನ್ನು ತೆಗೆಯದೆ ಲಘುವಾಗಿ ತಾಗಿಸಿಯೇ ಇಡಿ. ಬಿಚ್ಚಿದ ಚಕ್ರವನ್ನು, ಜೊತೆಗೆ ಸ್ಟೆಪ್ನಿಯನ್ನೂ ಚಾಸಿ ಕೆಳಗೆ ಮಲಗಿಸಿ. ಎಲ್ಲವೂ ಕೈಕೊಟ್ಟರೂ ಒಂದಷ್ಟು ಸಂದಿ ಉಳಿಯುತ್ತದೆ.

ಪಟ್ಟಿ ಬಿಚ್ಚುವಾಗ

ಹೌಸಿಂಗ್‌ಗೆ ಬೇರೆ ಜಾಕಿ ಬೇಕು. ಯು ಬೋಲ್ಟ್ ಬಿಚ್ಚಿದ ಕೂಡಲೇ ಅದು ಜಗ್ಗುತ್ತದೆ, ಬ್ರೇಕ್ ಪೈಪ್ ಎಳೆದುಕೊಳ್ಳುತ್ತದೆ. ಪಟ್ಟಿ ಕೂರುವ ಜಾಗದ ಪಕ್ಕದಲ್ಲಿ ಹೌಸಿಂಗ್ ಕೊಳವೆಗೆ ಬಾಟಲ್ ಜಾಕಿ ತಾಗಿಸಿ, ಪಟ್ಟಿ ಮೇಲಿನ ಭಾರ ಬಿಡುವಷ್ಟು ಮಾತ್ರ ಏರಿಸಿ. ಜಾಸ್ತಿ ಏರಿಸಿದರೆ ಬಾಡಿಯೇ ಆಸರೆಯಿಂದ ಎದ್ದುಬಿಡುತ್ತದೆ. ಶ್ಯಾಕಲ್ ಬೋಲ್ಟ್ ಹೊಡೆದು ತೆಗೆಯುವಾಗ ಬೆರಳನ್ನು ಪಟ್ಟಿಯ ಕಣ್ಣಿನ ಸಂದಿಗೆ ಕೊಡಬೇಡಿ. ಕೈ ಮಾತ್ರ ಒಳಗೆ ಹೋದರೆ ಸಾಕಾಗುವ ಕೆಲಸಕ್ಕೆ ತಲೆ, ಎದೆ ಒಳಗೆ ಬೇಡ. ಜಿಗಣೆ ಕಚ್ಚಿತೆಂದು ದಡಕ್ಕನೆ ಎದ್ದು ಚಾಸಿಗೆ ತಲೆ ಹೊಡೆದುಕೊಳ್ಳುವವರೂ ಇದ್ದಾರೆ. ಮಳೆಗಾಲದಲ್ಲಿ ಕಾಲಿಗೆ ಸ್ವಲ್ಪ ಸುಣ್ಣ, ಹೊಗೆಸೊಪ್ಪು ಹಚ್ಚಿಕೊಂಡು ಮಲಗಿ.

ಹೊಸ ಪಟ್ಟಿ ಸಿಗದಿದ್ದರೆ ಬಿಚ್ಚುವ ಗೋಜೇ ಬೇಡ. ಹೌಸಿಂಗ್ ಮತ್ತು ಚಾಸಿ ನಡುವೆ ಗಟ್ಟಿ ಮರದ ತುಂಡು ಕೊಟ್ಟು, ಅದು ಹಾರಿಹೋಗದಂತೆ ಸರಪಳಿಯಿಂದ ಬಿಗಿಯಿರಿ. ಖಾಲಿ ವ್ಯಾನನ್ನು ನಡಿಗೆಯ ವೇಗದಲ್ಲಿ ಹತ್ತಿರದ ಗ್ಯಾರೇಜ್‌ಗೆ ತಲುಪಿಸಬಹುದು. ಹೌಸಿಂಗ್ ಹಿಂದಕ್ಕೆ ಜಾರಿದ್ದರೆ ಇದು ನಡೆಯುವುದಿಲ್ಲ.

ಇಳಿಸುವಾಗ

ಸೆಂಟರ್ ಬೋಲ್ಟ್ ತಲೆ ಹೌಸಿಂಗ್ ಮೇಲಿನ ತೂತಿಗೆ ಸರಿಯಾಗಿ ಕೂತಿದೆಯೇ ನೋಡಿ. ಯು ಬೋಲ್ಟ್ ನಟ್‌ಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಬುಷ್ (ರಬ್ಬರ್ ಬಳೆ) ಇರುವ ಬೋಲ್ಟ್‌ಗಳಿಗೆ ಕೊನೆಯ ಬಿಗಿ ಕೊಡುವುದು ವ್ಯಾನ್ ನೆಲಕ್ಕೆ ಇಳಿದ ಮೇಲೆ. ಗಾಳಿಯಲ್ಲೇ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡಿದ್ದು ಬೇಗ ಹರಿಯುತ್ತದೆ. ಇಳಿಸುವ ಮುನ್ನ ಹಾರೆ, ಸ್ಪ್ಯಾನರ್, ಕೆಳಗೆ ಮಲಗಿಸಿದ್ದ ಚಕ್ರ ಎಲ್ಲ ಹೊರಗೆ ಬರಲಿ. ಬೆಣೆ ತೆಗೆಯುವುದು ಕೊನೆಗೆ.

ಅಡ್ಡ ಇಟ್ಟ ಕಲ್ಲು, ಕೊಂಬೆಗಳನ್ನು ರಸ್ತೆಯಿಂದ ಎತ್ತಿ ಬದಿಗೆ ಹಾಕಿ. ಗಾಡಿ ಹೋದ ಮೇಲೂ ರಸ್ತೆ ಮಧ್ಯೆ ಉಳಿಯುವ ಈ ಕಲ್ಲುಗಳು ರಾತ್ರಿ ಬೈಕ್‌ನಲ್ಲಿ ಬರುವವರಿಗೆ ಎಷ್ಟು ಅಪಾಯ ಎಂದು ಲಾರಿಯವರಿಗೆ ಯಾರಾದರೂ ಹೇಳಬೇಕು. ಸಾಮಾನು ಹೇರಿ ನಿಧಾನಕ್ಕೆ ಹೊರಡಿ. ಐದಾರು ಕಿಲೋಮೀಟರ್ ಹೋದ ಮೇಲೆ ನಿಲ್ಲಿಸಿ ಚಕ್ರದ ನಟ್, ಯು ಬೋಲ್ಟ್ ಎರಡನ್ನೂ ಮತ್ತೊಮ್ಮೆ ಬಿಗಿಯಿರಿ. ಹೊಸ ಪಟ್ಟಿ ಕೂತುಕೊಂಡಾಗ ಯು ಬೋಲ್ಟ್ ಸ್ವಲ್ಪ ಸಡಿಲವಾಗಿಯೇ ಇರುತ್ತದೆ.