ಹಳೇ ಸ್ಪ್ಲೆಂಡರ್‌ನ ಕ್ಲಚ್ ಮತ್ತು ಡಬ್ಬಿಯ ಹಿಂದಿನ ಎರಡಕ್ಷರ

ಫೆಬ್ರವರಿ, ಕರಿಮೆಣಸು ಕೊಯ್ಯುವ ಸಮಯ. ಸುಂಟಿಕೊಪ್ಪದ ಹತ್ತಿರ ನಮ್ಮ ತೋಟದ ಕೆಳತುದಿಯಿಂದ ಕಣಕ್ಕೆ ಬರುವ ದಾರಿ ಒಂದೇ ಸಮನೆ ಏರು. ಹಿಂದೆ ಮೆಣಸಿನ ಚೀಲ ಕಟ್ಟಿಕೊಂಡು ಎರಡನೇ ಗೇರಿನಲ್ಲಿ ಹತ್ತುತ್ತಿದ್ದೆ. ಅರ್ಧ ದಾರಿಗೆ ಬಂದಾಗ ಎಂಜಿನ್ ಕಿರುಚತೊಡಗಿತು, ಗಾಡಿ ಮಾತ್ರ ಮುಂದಕ್ಕೆ ಹೋಗಲಿಲ್ಲ. ಇಳಿದು ನೋಡಿದರೆ ಸುಟ್ಟ ವಾಸನೆ.

ಗಾಡಿ ಅಪ್ಪ ಕೊಂಡ 2003ರ ಹೀರೋ ಹೋಂಡಾ ಸ್ಪ್ಲೆಂಡರ್. ಗ್ಯಾರೇಜ್ ಇಟ್ಟುಕೊಂಡಿರುವ ಗೆಳೆಯನಿಗೆ ಫೋನ್ ಮಾಡಿದೆ. 'ಕ್ಲಚ್ ಪ್ಲೇಟ್ ಮುಗಿದಿದೆ ಮಾರಾಯ, ಹೊಸ ಸೆಟ್ ಹಾಕಿಬಿಡು' ಅಂದ. ಅವನ ಮಾತು ಅರ್ಧ ನಿಜವಾಗಿತ್ತು.

ಬಿಚ್ಚುವ ಮೊದಲು ಕೇಬಲ್ ನೋಡಿದೆ. ಕ್ಲಚ್ ಲಿವರಿನ ತುದಿ 10ರಿಂದ 20 ಮಿ.ಮೀ.ನಷ್ಟು ಸುಮ್ನೆ ಆಡಬೇಕು, ಆಮೇಲೆ ಬಿಗಿ ಸಿಗಬೇಕು. ನನ್ನದರಲ್ಲಿ ಆ ಪ್ಲೇ ಇರಲೇ ಇಲ್ಲ. ಪ್ಲೇಟ್ ಸವೆಯುತ್ತಾ ಹೋದ ಹಾಗೆ ಪ್ಲೇ ಕಡಿಮೆಯಾಗುತ್ತಾ ಬರುತ್ತದೆ. ಪೂರ್ತಿ ಹೋದ ಮೇಲೆ, ಲಿವರ್ ಹಿಡಿಯದೇ ಇದ್ದರೂ ಕ್ಲಚ್ ಸ್ವಲ್ಪ ಒತ್ತಿದ ಹಾಗೇ ಇರುತ್ತದೆ. ಕೇಬಲ್ ಸಡಿಲ ಮಾಡಿ ಕುಶಾಲನಗರದ ಕಡೆ ಹೋದೆ. ಸಮ ರಸ್ತೆಯಲ್ಲಿ, ನಾಲ್ಕನೇ ಗೇರಿನಲ್ಲಿ, 40ರ ವೇಗದಲ್ಲಿ ಒಮ್ಮೆಲೇ ಪೂರ್ತಿ ರೈಸ್ ಮಾಡಿದೆ. ಸದ್ದಿನ ಜೊತೆಗೇ ವೇಗವೂ ಏರಿತು, ಅಂದರೆ ಕ್ಲಚ್ ಹಿಡಿಯುತ್ತಿತ್ತು. ವಾಪಸ್ ಬರುವಾಗ ಏರು ಸಿಕ್ಕಿತು, ಪ್ಲೇಟುಗಳು ಹಿಡಿಯದೆ ಜಾರಿ ಮತ್ತೆ ಸ್ಲಿಪ್.

ಸಂಜೆ ಶೆಡ್ಡಿನಲ್ಲಿ ಆಯಿಲ್ ಡಬ್ಬಿ ಕೈಗೆತ್ತಿಕೊಂಡೆ. ಮನೆಯಲ್ಲಿ ಹೆಂಡತಿಯದು ಗೇರಿಲ್ಲದ ಸ್ಕೂಟರ್ ಇದೆ. ಡಿಸೆಂಬರಿನಲ್ಲಿ ಸ್ಕೂಟರಿಗೆಂದು ತಂದ ಆಯಿಲನ್ನೇ ಬೈಕಿಗೂ ಹಾಕಿದ್ದೆ. ಎರಡಕ್ಕೂ ಬೇಕಾದದ್ದು 10ಡಬ್ಲ್ಯೂ-30, ಎರಡೂ ಫೋರ್‌ಸ್ಟ್ರೋಕ್. ಮುಂದುಗಡೆ ನೋಡಿದರೆ ವ್ಯತ್ಯಾಸವೇ ಕಾಣುವುದಿಲ್ಲ. ಡಬ್ಬಿ ತಿರುಗಿಸಿ ಸಣ್ಣ ಅಕ್ಷರ ಓದಿದಾಗ ಗೊತ್ತಾಯಿತು. ಅಲ್ಲಿ 'ಜಾಸೋ ಎಂಬಿ' ಅಂತ ಇತ್ತು. ಜಾಸೋ ಅಂದರೆ ಜಪಾನಿನ ವಾಹನ ಮಾನದಂಡ. ಬೈಕಿಗೆ ಬೇಕಾದದ್ದು 'ಜಾಸೋ ಎಂಎ'.

10ಡಬ್ಲ್ಯೂ-30 ಅನ್ನುವುದು ಆಯಿಲ್ ಎಷ್ಟು ದಪ್ಪ, ಎಷ್ಟು ತೆಳು ಅಂತ ಮಾತ್ರ ಹೇಳುತ್ತದೆ. ಕ್ಲಚ್ ಬಗ್ಗೆ ಏನೂ ಹೇಳುವುದಿಲ್ಲ. ನಮ್ಮ ಬೈಕುಗಳಲ್ಲಿ ಎಂಜಿನ್, ಗೇರ್, ಕ್ಲಚ್ ಮೂರಕ್ಕೂ ಒಂದೇ ಆಯಿಲ್. ಕ್ಲಚ್ ಪ್ಲೇಟುಗಳು ಅದರಲ್ಲೇ ನೆನೆದುಕೊಂಡು ಒಂದನ್ನೊಂದು ಹಿಡಿಯಬೇಕು. ಸ್ಕೂಟರಿನ ಕ್ಲಚ್ ಒಣ ಜಾಗದಲ್ಲಿ, ಬೆಲ್ಟಿನ ಹತ್ತಿರ ಇರುತ್ತದೆ, ಅದಕ್ಕೆ ಆಯಿಲ್ ತಾಗುವುದೇ ಇಲ್ಲ. ಹಾಗಾಗಿ ಅದರ ಆಯಿಲನ್ನು ಜಾಸ್ತಿ ಜಾರುವ ಹಾಗೆ ಮಾಡಬಹುದು, ಮೈಲೇಜಿಗೂ ಒಳ್ಳೆಯದು. ಎಂಬಿ ಅಂದರೆ ಆ ಜಾತಿ. ಎಂಎ ಮತ್ತು ಎಂಎ2 ಒದ್ದೆ ಕ್ಲಚ್ಚಿಗೆ, ಅದರಲ್ಲೂ ಎಂಎ2ಗೆ ಹಿಡಿತ ಜಾಸ್ತಿ. ಕಾರಿನ ಆಯಿಲ್ ಡಬ್ಬಿಯಲ್ಲಿ 'ಎನರ್ಜಿ ಕನ್ಸರ್ವಿಂಗ್' ಅಥವಾ 'ರಿಸೋರ್ಸ್ ಕನ್ಸರ್ವಿಂಗ್' ಅಂತ ಇದ್ದರೆ ಅದನ್ನೂ ಬೈಕಿಗೆ ಹಾಕಬಾರದು.

ಹೊಸ ಪ್ಲೇಟ್, ಗಟ್ಟಿ ಸ್ಪ್ರಿಂಗ್ ಇದ್ದಿದ್ದರೆ ಬಹುಶಃ ಎಂಬಿ ಹಾಕಿದ್ದು ಗೊತ್ತೇ ಆಗುತ್ತಿರಲಿಲ್ಲ. ಹಳೇ ಗಾಡಿಯಲ್ಲಿ ಕೂಡಲೇ ಎದ್ದು ಕಾಣುತ್ತದೆ.

ಎಂಎ ಆಯಿಲ್ ಹಾಕಿ, ನೂರು ಕಿಲೋಮೀಟರ್ ಓಡಿಸಿ, ಅದನ್ನೂ ಇಳಿಸಿ ಮತ್ತೆ ಹೊಸದು ಹಾಕಿದೆ. ಒಂದೇ ಸಲಕ್ಕೆ ಹಳೆಯದು ಪೂರ್ತಿ ಇಳಿಯುವುದಿಲ್ಲ, ಪ್ಲೇಟಿನಲ್ಲೂ ಕುಡಿದುಕೊಂಡಿರುತ್ತದೆ. ಮುಕ್ಕಾಲು ಪಾಲು ಸರಿಯಾಯಿತು. ಆದರೆ ಚೀಲ ಹೇರಿದರೆ ಇನ್ನೂ ಸ್ವಲ್ಪ ಸ್ಲಿಪ್ ಆಗುತ್ತಿತ್ತು. ಆಗ ಬಿಚ್ಚಲೇಬೇಕಾಯಿತು.

ಸೈಲೆನ್ಸರ್, ಫುಟ್‌ರೆಸ್ಟ್, ಕಿಕ್ಕರ್ ತೆಗೆದು, ಆಯಿಲ್ ಇಳಿಸಿ, ಬಲಗಡೆಯ ಕವರ್ ಬಿಚ್ಚಿದೆ. ಸ್ಕ್ರೂಗಳನ್ನು ಒಂದು ರಟ್ಟಿಗೆ ಅವು ಇದ್ದ ಜಾಗದ ಪ್ರಕಾರ ಚುಚ್ಚಿಟ್ಟೆ, ಏಕೆಂದರೆ ಉದ್ದ ಬೇರೆ ಬೇರೆ. ಕ್ಲಚ್ಚಿನ ನಡುವಿನ ಲಾಕ್ ನಟ್ಟಿಗೆ ಬೇರೆಯೇ ಟೂಲ್ ಬೇಕು. ಗೆಳೆಯನಿಂದ ತಂದೆ. ಉಳಿ, ಸುತ್ತಿಗೆಯಲ್ಲಿ ಹೊಡೆದು ಬಿಚ್ಚುವವರನ್ನು ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ. ನಟ್ಟಿನ ಕಚ್ಚು ಹಾಳಾಗುತ್ತದೆ, ಚೂರು ಒಳಗೆ ಬೀಳುತ್ತದೆ.

ಹಳೇ ಪ್ಲೇಟನ್ನು ಹೊಸದರ ಪಕ್ಕ ಇಟ್ಟು ಅಂಚು ನೋಡಿದೆ. ತೆಳುವಾಗಿದ್ದದ್ದು ಬರಿಗಣ್ಣಿಗೇ ಕಾಣುತ್ತಿತ್ತು. ಮೇಲ್ಮೈ ಕಪ್ಪಗೆ ಹೊಳೆಯುತ್ತಿತ್ತು, ಉಗುರಿನಲ್ಲಿ ಕೆರೆದರೆ ಗಾಜು ಕೆರೆದ ಹಾಗೆ. ಸ್ಟೀಲ್ ಪ್ಲೇಟುಗಳಲ್ಲಿ ಎರಡಕ್ಕೆ ನೀಲಿ ಕಲೆ ಬಿದ್ದಿತ್ತು, ಅದು ಸ್ಲಿಪ್ ಆದಾಗಿನ ಬಿಸಿ. ಕಿಟಕಿಯ ಗಾಜಿನ ಮೇಲೆ ಒಂದೊಂದನ್ನೇ ಇಟ್ಟು ಒತ್ತಿದಾಗ ಆ ಎರಡೂ ಅಲ್ಲಾಡಿದವು, ಅಂದರೆ ಸೊಟ್ಟಗಾಗಿದ್ದವು. ಸ್ಪ್ರಿಂಗುಗಳೂ ಹೊಸದಕ್ಕಿಂತ ಕುಳ್ಳಗಾಗಿದ್ದವು. ಪ್ಲೇಟ್, ಸ್ಪ್ರಿಂಗ್, ಗ್ಯಾಸ್ಕೆಟ್ ಎಲ್ಲವನ್ನೂ ಕಂಪನಿಯದ್ದೇ ತಂದೆ. ಪ್ಲೇಟ್ ಮಾತ್ರ ಬದಲಿಸಿ ಹಳೇ ಸ್ಪ್ರಿಂಗ್ ಹಾಕುವುದು ನನಗಂತೂ ಒಪ್ಪಿಗೆಯಿಲ್ಲ.

ಕವರ್ ತೆರೆದಾಗಲೇ ಕ್ರ್ಯಾಂಕಿನ ತುದಿಯಲ್ಲಿರುವ ತಿರುಗುವ ಫಿಲ್ಟರನ್ನೂ ಬಿಚ್ಚಬೇಕು. ಈ ಎಂಜಿನ್ನಿಗೆ ಕಾಗದದ ಫಿಲ್ಟರ್ ಇಲ್ಲ. ಆಯಿಲಿನ ಕೊಳೆ ಅಲ್ಲಿ ಸುತ್ತಿ ಗೋಡೆಗೆ ಅಂಟುತ್ತದೆ. ನನ್ನದರಲ್ಲಿ ಕಪ್ಪು ಜೇಡಿಮಣ್ಣಿನ ಹಾಗೆ ಗಟ್ಟಿ ಪದರ ಕಟ್ಟಿತ್ತು. ಕೆಳಗಿನ ಜಾಲರಿಯನ್ನೂ ಎಳೆದು ತೊಳೆದೆ.

ಹೊಸ ಪ್ಲೇಟುಗಳನ್ನು ರಾತ್ರಿಯಿಡೀ ಎಂಎ ಆಯಿಲಿನಲ್ಲಿ ನೆನೆಹಾಕಿದ್ದೆ. ಒಣ ಪ್ಲೇಟ್ ಹಾಕಿ ಓಡಿಸಿದರೆ ಮೊದಲ ದಿನವೇ ಸುಡಬಹುದು. ಸ್ಪ್ರಿಂಗಿನ ಬೋಲ್ಟುಗಳನ್ನು ಎದುರುಬದುರಾಗಿ, ಅರ್ಧರ್ಧ ಸುತ್ತು ಬಿಗಿ ಮಾಡಿದೆ. ಆಯಿಲ್ ಸುರಿಯುವಾಗ 900 ಮಿ.ಲೀ. ಡಬ್ಬಿಯನ್ನು ಸೀದಾ ಖಾಲಿ ಮಾಡಬೇಡಿ. ಸ್ವಲ್ಪ ಹೊತ್ತು ಓಡಿಸಿ, ನಿಲ್ಲಿಸಿ, ಗಾಡಿಯನ್ನು ನೆಟ್ಟಗೆ ನಿಲ್ಲಿಸಿ ಡಿಪ್‌ಸ್ಟಿಕ್ ನೋಡಿ. ಅದನ್ನು ತಿರುಗಿಸಿ ಕೂರಿಸಬಾರದು, ಸುಮ್ನೆ ಒಳಗಿಟ್ಟು ತೆಗೆಯಬೇಕು.

ಹಳೇ ಎಂಜಿನ್ನಿಗೆ ದಪ್ಪ ಆಯಿಲ್ ಹಾಕಿದರೆ ಸ್ಲಿಪ್ ನಿಲ್ಲುತ್ತದೆ ಅಂತ ತುಂಬ ಜನ ಹೇಳಿದರು. ನಿಲ್ಲುವುದಿಲ್ಲ. ಮಡಿಕೇರಿಯ ಚಳಿಯಲ್ಲಿ ಬೆಳಿಗ್ಗೆ ದಪ್ಪ ಆಯಿಲಿಗೆ ಪ್ಲೇಟುಗಳು ಅಂಟಿಕೊಂಡು ಮೊದಲ ಗೇರ್ ದಡಕ್ಕನೆ ಬೀಳುತ್ತದೆ, ಅಷ್ಟೇ. ನನ್ನ ಗಾಡಿ ಆಯಿಲ್ ಸುಟ್ಟು ಹೊಗೆ ಬಿಡುವುದಿಲ್ಲ, ಹಾಗಾಗಿ 10ಡಬ್ಲ್ಯೂ-30 ಎಂಎ ಸಾಕು. ಮಳೆಗಾಲದಲ್ಲಿ ಮಾತ್ರ ಬೇಗ ಬದಲಿಸುತ್ತೇನೆ. ತೋಟದೊಳಗೆ ಒಂದೆರಡು ಕಿಲೋಮೀಟರ್ ಓಡಿಸಿ ನಿಲ್ಲಿಸಿದರೆ ಎಂಜಿನ್ ಸರಿಯಾಗಿ ಬಿಸಿಯಾಗದೆ ಒಳಗೆ ನೀರಿನಂಶ ಉಳಿಯುತ್ತದೆ, ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಇಳಿಸಿದ ಆಯಿಲನ್ನು ಡಬ್ಬಿಯಲ್ಲಿ ತುಂಬಿ ಗ್ಯಾರೇಜಿಗೆ ಕೊಡುತ್ತೇನೆ. ನಮ್ಮ ತೋಡಿನ ನೀರು ಹೋಗುವುದು ಕಾವೇರಿಗೆ ಅಲ್ವಾ.

ಇನ್ನೂರು ಕಿಲೋಮೀಟರ್ ಆದ ಮೇಲೆ ಲಿವರಿನ ಪ್ಲೇ ಮತ್ತೆ ನೋಡಿದೆ. ಹೊಸ ಪ್ಲೇಟ್ ಕೂತು ಸ್ವಲ್ಪ ಕಡಿಮೆಯಾಗಿತ್ತು. ಕೇಬಲ್ ಸಡಿಲ ಮಾಡಿ, ಎರಡು ಚೀಲ ಮೆಣಸು ಹೇರಿಕೊಂಡು ಅದೇ ದಾರಿಯಲ್ಲಿ ಕಣಕ್ಕೆ ಹತ್ತಿದೆ.