ಮಣ್ಣು ಹೀಲ್ ಕಡೆಗೇ ಇತ್ತು

ನನ್ನ ಎತ್ತರ ಐದಡಿ ನಾಲ್ಕಿಂಚು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನ ಕತೆಗೆಲ್ಲ ಅದೇ ಮೂಲ.

ಗಾಲ್ಫ್ ಶುರು ಮಾಡಿದ್ದು ನಲವತ್ತು ದಾಟಿದ ಮೇಲೆ. ಊರು ಬಿಡುತ್ತಿದ್ದ ಗೆಳೆಯನೊಬ್ಬ ತನ್ನ ಐರನ್ ಸೆಟ್ಟನ್ನು, ಅಂದರೆ ಚೆಂಡು ಹೊಡೆಯುವ ಲೋಹದ ತಲೆಯ ಕೋಲುಗಳನ್ನು (ಕ್ಲಬ್), ಅರ್ಧ ಬೆಲೆಗೆ ಕೊಟ್ಟ. ಫೋರ್ಜ್ ಮಾಡಿದ, ಅಂದರೆ ಕಾಯಿಸಿ ಬಡಿದು ಮಾಡಿದ, ತೆಳ್ಳನೆಯ ತಲೆಯ ಬ್ಲೇಡ್‌ಗಳು, ಕನ್ನಡಿ ಹಾಗೆ ಹೊಳೆಯುತ್ತಿದ್ದವು. ಅವನು ಆರಡಿಗೂ ಜಾಸ್ತಿ. ಕ್ಲಬ್ಬುಗಳ ಲೈ ಕೋನವನ್ನು, ಅಂದರೆ ತಲೆ ನೆಲಕ್ಕೆ ಕೂತಾಗ ಕೋಲು ಎಷ್ಟು ನೆಟ್ಟಗೆ ನಿಲ್ಲುತ್ತೆ ಅನ್ನೋದನ್ನು, ತನ್ನ ಎತ್ತರಕ್ಕೆ ತಕ್ಕಂತೆ ಬಗ್ಗಿಸಿಕೊಂಡಿದ್ದ. ಹಾಗೆ ಬಗ್ಗಿಸಬಹುದು ಅನ್ನೋದೇ ನನಗೆ ಗೊತ್ತಿರಲಿಲ್ಲ.

ಹೊಡೆದ ಚೆಂಡೆಲ್ಲ ಎಡಕ್ಕೆ. ತಪ್ಪು ನನ್ನ ಕೈಯದೇ ಅಂದುಕೊಂಡು ಮಣಿಕಟ್ಟು ಬಿಗಿಹಿಡಿದು, ಕ್ಲಬ್ಬಿನ ಮುಖ ತಿರುಗದಂತೆ ತಡೆಯಲು ಕಲಿತೆ. ಒಂದೆರಡು ಚೆಂಡು ನೇರ ಹೋಗುತ್ತಿತ್ತು, ಆಮೇಲಿನದು ಬಲಗಡೆ ಪೊದೆಗೆ.

ಒಂದು ಬೆಳಿಗ್ಗೆ ಬ್ಯಾಗ್ ಹೊರುವ ಕ್ಯಾಡಿ ನನ್ನ ಸೆವೆನ್ ಐರನ್ (ಸೆಟ್ಟಿನ ಏಳನೇ ನಂಬರಿನದು) ಒರೆಸುತ್ತಾ, ‘ಸಾರ್, ಮಣ್ಣೆಲ್ಲಾ ಹೀಲ್ ಕಡೆನೇ ಐತೆ ನೋಡಿ, ಟೋ ನೆಲಾನೇ ಮುಟ್ಟಿಲ್ಲ’ ಅಂದ. ಹೀಲ್ ಅಂದರೆ ಕ್ಲಬ್ಬಿನ ತಲೆಯಲ್ಲಿ ಕೋಲು ಸೇರುವ ಕಡೆಯ ತುದಿ, ಟೋ ಅಂದರೆ ಆಚೆಯ ತುದಿ. ಅಭ್ಯಾಸದ ರೇಂಜಿಗೆ ಹೋಗಿ ಚೆಂಡಿನ ಮೇಲೆ ಮಾರ್ಕರ್‌ನಿಂದ ನೇರ ಗೆರೆ ಎಳೆದು, ಆ ಗೆರೆ ಕ್ಲಬ್ಬಿನ ಕಡೆಗಿರುವಂತೆ ಇಟ್ಟು ಹೊಡೆದೆ. ಕ್ಲಬ್ಬಿನ ಮುಖದ ಮೇಲೆ ಮೂಡಿದ ಗೆರೆ ಟೋ ಕಡೆಗೆ ವಾಲಿತ್ತು. ಲೈ ನನಗೆ ತೀರಾ ನೆಟ್ಟಗಾಗಿತ್ತು. ಟೋ ಮೇಲೆದ್ದರೆ ಕ್ಲಬ್ಬಿನ ಮುಖ ಎಡಕ್ಕೆ ನೋಡುತ್ತೆ, ಅಷ್ಟೇ. ಬಲಗೈ ಆಟಗಾರನಿಗೆ, ಅಂದರೆ ನನಗೆ.

ಫೋರ್ಜ್ ಮಾಡಿದ ಉಕ್ಕು ಮೆದು, ಬಗ್ಗಿಸಿಕೊಳ್ಳಬಹುದಿತ್ತು. ಆದರೆ ಕ್ಲಬ್ಬಿನ ಮುಖಕ್ಕೆ ಟಾಲ್ಕಂ ಪೌಡರ್ ಹಚ್ಚಿ ಇಪ್ಪತ್ತು ಚೆಂಡು ಹೊಡೆದಾಗ ಗುರುತುಗಳು ರಂಗೋಲಿ ಚುಕ್ಕಿ ಹಾಗೆ ಎಲ್ಲೆಂದರಲ್ಲಿ. ಇಷ್ಟು ಚದುರಿ ಹೊಡೆಯೋನಿಗೆ ಬ್ಲೇಡ್ ಸುಮ್ನೆ ಶೋಕಿ. ತಲೆಯ ಹಿಂಬದಿ ಟೊಳ್ಳಾಗಿ, ಅಂಚಿನಲ್ಲಿ ತೂಕ ಹಂಚಿರುವ ಕ್ಯಾವಿಟಿ ಬ್ಯಾಕ್ ಬೇಕು, ಪಕ್ಕಕ್ಕೆ ತಗುಲಿದರೂ ತಲೆ ಅಷ್ಟಾಗಿ ತಿರುಚಿಕೊಳ್ಳೋದಿಲ್ಲ.

ಅಂಗಡಿಯಲ್ಲಿ ಒಂದು ಸೆವೆನ್ ಐರನ್ ನನ್ನದಕ್ಕಿಂತ ಹದಿನೈದು ಗಜ ಮುಂದೆ ಹೋಯಿತು. ಖುಷಿಯಾಯಿತು. ಲಾಫ್ಟ್, ಅಂದರೆ ಮುಖ ಹಿಂದಕ್ಕೆ ವಾಲಿರುವ ಕೋನ, ಎಷ್ಟು ಅಂತ ಕೇಳಿದೆ: 28 ಡಿಗ್ರಿ. ಅದು ಕಡಿಮೆಯಾದಷ್ಟು ಚೆಂಡು ದೂರ, ಕ್ಲಬ್ಬಿನ ನಂಬರೂ ಚಿಕ್ಕದು. ನನ್ನ ಹಳೆಯದು 35. ಅಂದರೆ ಅಡಿಯಲ್ಲಿ ಏಳು ಅಂತ ಬರೆದ ಫೈವ್ ಐರನ್, ಅಲ್ವಾ? ಹತ್ತಿರದ ಹೊಡೆತಕ್ಕೆ ಬಳಸುವ ವೆಡ್ಜ್‌ಗಳಲ್ಲಿ ಅದೇ ಸೆಟ್ಟಿನ ಪಿಚಿಂಗ್ ವೆಡ್ಜ್ 43, ಮರಳಿನಿಂದ ಎತ್ತುವ ನನ್ನ ಸ್ಯಾಂಡ್ ವೆಡ್ಜ್ 56. ನಡುವಿನ ಹದಿಮೂರು ಡಿಗ್ರಿಗೆ ಇನ್ನೊಂದು ಕ್ಲಬ್ ಕೊಳ್ಳಬೇಕಿತ್ತು. ಬಿಟ್ಟೆ. 33 ಡಿಗ್ರಿಯ ಸೆವೆನ್ ಇದ್ದ ಸೆಟ್ ತೆಗೆದುಕೊಂಡೆ: ಹಗುರ ಸ್ಟೀಲ್ ಶಾಫ್ಟ್ (ಕೋಲು), ರೆಗ್ಯುಲರ್ ಫ್ಲೆಕ್ಸ್ (ಸಾಧಾರಣ ಬಳುಕು), ಲೈ ಎರಡು ಡಿಗ್ರಿ ಫ್ಲ್ಯಾಟ್, ಅಂದರೆ ಅಷ್ಟು ಕಡಿಮೆ ನೆಟ್ಟಗೆ.

ಇಷ್ಟೆಲ್ಲ ಆದ ಮೇಲೆ ಚೆಂಡು ಬಲಕ್ಕೆ! ಎರಡು ವರ್ಷ ಕ್ಲಬ್ಬಿನ ತಪ್ಪು ಮುಚ್ಚಲು ಕಲಿತ ಮಣಿಕಟ್ಟು ಈಗಲೂ ಬಿಗಿಯಾಗೇ ಇತ್ತು. ಅದನ್ನು ಸಡಿಲಿಸಲು ನಾಲ್ಕು ತಿಂಗಳು ಬೇಕಾಯಿತು. ಪೂರ್ತಿ ಸ್ವಿಂಗ್ ಬಿಟ್ಟು ಸೊಂಟದಿಂದ ಸೊಂಟದವರೆಗೆ ಮಾತ್ರ ಬೀಸಿದೆ. ಚೆಂಡಿನ ಹಿಂದೆ ಅರ್ಧ ಗೇಣು ದೂರಕ್ಕೆ ಟವೆಲ್ ಮಡಚಿಟ್ಟೆ. ಹೊಡೆಯುವಾಗ ಮೈಭಾರ ಬಲಗಾಲಲ್ಲೇ ಉಳಿದರೆ ಕ್ಲಬ್ ಮೊದಲು ಟವೆಲ್ಲಿಗೆ ಬಡಿಯುತ್ತೆ. ಮೊದಲ ವಾರ ಟವೆಲ್ಲೇ ಜಾಸ್ತಿ ದೂರ ಹಾರಿತು. ಆಮೇಲೆ ಒಂದು ದಿನ ಹುಲ್ಲು ಕಿತ್ತ ಗುರುತು ಚೆಂಡಿದ್ದ ಜಾಗದ ಮುಂದೆ ಬಿತ್ತು. ಆ ಹೊಡೆತದ ಸದ್ದೇ ಬೇರೆ.

ಈಗ ಮಣ್ಣು ಕ್ಲಬ್ಬಿನ ಅಡಿಯ ನಡುವಿನಲ್ಲಿರುತ್ತೆ. ಫೈವ್ ಐರನ್ ಮಾತ್ರ ಇನ್ನೂ ಕೈಗೆ ಬಂದಿಲ್ಲ. ಅದು ಮನೆಯಲ್ಲಿದೆ, ಬ್ಯಾಗಿನಲ್ಲಿ ಅದರ ಜಾಗಕ್ಕೆ ಅಗಲ ತಲೆಯ, ಹೊಡೆಯಲು ಸುಲಭವಾದ ಹೈಬ್ರಿಡ್ ಬಂದಿದೆ.