ಸಿಡ್ನಿಗೆ ಹೊಸದಾಗಿ ಬಂದೋರಿಗೆ: ಮನೆ ಹತ್ರದ ಬುಷ್‌ನಲ್ಲಿ ಯಾವ ಕಾಲಕ್ಕೆ ಏನು ನೋಡ್ಬಹುದು

ಸಿಡ್ನಿಗೆ ಬಂದು ಮನೆ, ಕೆಲಸ, ಮಕ್ಕಳ ಸ್ಕೂಲು ಎಲ್ಲಾ ಒಂದು ದಾರಿಗೆ ಬಂದ್ಮೇಲೆ ಎಲ್ರೂ ಬ್ಲೂ ಮೌಂಟೇನ್ಸ್‌ಗೆ ಹೋಗಿ ತ್ರೀ ಸಿಸ್ಟರ್ಸ್ ಅನ್ನೋ ಮೂರು ಬಂಡೆಗಳ ಮುಂದೆ ಫೋಟೋ ತೆಗೆಸ್ಕೊಂಡು ಬರ್ತಾರೆ, ನೀವೂ ಹೋಗ್ಬನ್ನಿ. ಆದ್ರೆ ಇಲ್ಲಿನ ಕಾಡು ನಿಜವಾಗ್ಲೂ ಪರಿಚಯ ಆಗ್ಬೇಕಂದ್ರೆ ಮನೆ ಹತ್ರದ್ದೇ ಒಂದು ಟ್ರ್ಯಾಕ್ ಹಿಡ್ಕೊಂಡು ಅದೇ ಜಾಗಕ್ಕೆ ಕಾಲಕಾಲಕ್ಕೆ ಹೋಗ್ತಾ ಇರಿ. ವೆಂಟ್‌ವರ್ತ್‌ವಿಲ್, ವೆಸ್ಟ್‌ಮೀಡ್ ಕಡೆಯೋರಿಗೆ ಲೇಕ್ ಪ್ಯಾರಾಮಟ್ಟಾ ಇದೆ, 1856ರ ಅಣೆಕಟ್ಟು, ಅದರ ಸುತ್ತ ಕಾಡು, ಇಲ್ಲಿನ ಮೂಲನಿವಾಸಿಗಳಾದ ಡಾರುಗ್ ಜನರ ನೆಲ ಅದು. ಉತ್ತರದಲ್ಲಿರೋರಿಗೆ ಲೇನ್ ಕೋವ್ ನ್ಯಾಷನಲ್ ಪಾರ್ಕ್, ದಕ್ಷಿಣಕ್ಕೆ ರಾಯಲ್ ನ್ಯಾಷನಲ್ ಪಾರ್ಕ್.

ಇಲ್ಲಿ ಜೂನ್‌ನಿಂದ ಆಗಸ್ಟ್ ಚಳಿಗಾಲ. ಚಳೀಲಿ ಏನಿರತ್ತೆ ಅಂತ ಮನೇಲೇ ಕೂತ್ಕೋಬೇಡಿ, ವಾಟಲ್ ಮರಗಳು ಹಳದಿ ಹೂ ಬಿಡೋಕೆ ಶುರು ಮಾಡೋದೇ ಆಗ (ಸೆಪ್ಟೆಂಬರ್ 1 ಇಲ್ಲಿ ವಾಟಲ್ ಡೇ), ನೆಲ ನೋಡ್ಕೊಂಡು ನಿಧಾನ ನಡೆದ್ರೆ ಗ್ರೀನ್‌ಹುಡ್ ಅನ್ನೋ ಪುಟ್ಟ ಹಸಿರು ಆರ್ಕಿಡ್ ಕೂಡ ಸಿಗತ್ತೆ. ಸೆಪ್ಟೆಂಬರ್, ಅಕ್ಟೋಬರ್‌ಗೆ ಕೆಂಪು ವಾರಾಟಾ, ಬಿಳಿ ಫ್ಲ್ಯಾನೆಲ್ ಫ್ಲವರ್. ಮುವೊಗಮಾರ ನೇಚರ್ ರಿಸರ್ವ್ ಅಂತ ಒಂದಿದೆ, ಹೂವಿನ ಕಾಲದಲ್ಲಿ ಕೆಲವೇ ವೀಕೆಂಡ್ ಜನರಿಗೆ ತೆಗೀತಾರೆ, ಮುಂಚೇನೇ ನೋಡಿ ಬುಕ್ ಮಾಡ್ಕೊಳ್ಳಿ.

ನೀಲಗಿರಿ ಮರ ಅಂದ್ರೆ ನಮಗೆ ಕೋಲಾರದ ಕಡೆಯ ನೆಡುತೋಪು ನೆನಪಾಗತ್ತೆ, ನೀರು ಕುಡಿಯೋ ಮರ, ಕೆಳಗೆ ಹುಲ್ಲೂ ಸರಿಯಾಗಿ ಬೆಳೆಯಲ್ಲ ಅಂತ. ಕೊಡಗಿನ ಕಾಫಿ ತೋಟದ ಸಿಲ್ವರ್ ಓಕ್ ಕೂಡ ಇಲ್ಲಿಂದಾನೇ ಬಂದಿದ್ದು. ನೀಲಗಿರಿ ಕುಲದ ಮರಗಳನ್ನ ಅವುಗಳ ತವರಲ್ಲಿ ನೋಡಿದ್ರೆ ಬೇರೇನೇ ಕಥೆ, ಪ್ರತಿ ಮರವನ್ನೂ ನಂಬ್ಕೊಂಡು ಎಷ್ಟೋ ಜೀವ ಇರತ್ತೆ. ಸ್ಕ್ರಿಬ್ಲಿ ಗಮ್ ಅನ್ನೋ ನೀಲಗಿರಿ ಮರ ಕಂಡ್ರೆ ಒಂದೈದು ನಿಮಿಷ ನಿಂತ್ಕೊಳ್ಳಿ. ನುಣುಪಾದ ಬಿಳಿ ಕಾಂಡದ ಮೇಲೆ ಕಂದು ಬಣ್ಣದ ಗೀಚು, ಯಾರೋ ಮಗು ಪೆನ್ಸಿಲ್ಲಲ್ಲಿ ಗೀಚಿದ ಹಾಗೆ. ಒಂದು ಸಣ್ಣ ಪತಂಗದ ಮರಿಹುಳ ಹಳೇ ತೊಗಟೆ ಹೊಸ ತೊಗಟೆ ಮಧ್ಯೆ ಕೊರ್ಕೊಂಡು ಹೋಗತ್ತೆ, ಒಂದು ಕಡೆ ಸುತ್ತು ಹಾಕಿ ಬಂದ ದಾರೀಲೇ ವಾಪಸ್ ಬರತ್ತೆ, ಆ ದಾರೀಲಿ ಮರ ಗಾಯ ಮುಚ್ಚೋಕೆ ಬೆಳೆಸಿರೋ ಮೆತ್ತನೆ ಪದರಾನೇ ಅದಕ್ಕೆ ಊಟ, ಆಮೇಲೆ ಹಳೇ ತೊಗಟೆ ಉದುರಿದಾಗ ನಮಗೆ ಗೀಚು ಕಾಣೋದು. ಈ ಪತಂಗಗಳಲ್ಲಿ 11 ಹೊಸ ಜಾತಿಗಳಿಗೆ ಹೆಸರಿಟ್ಟಿದ್ದು 2012ರಲ್ಲಿ, ಅಂದ್ರೆ ಊರ ಪಕ್ಕದ ಮರದಲ್ಲೇ ಇನ್ನೂ ಹೊಸದು ಸಿಗ್ತಾ ಇದೆ!

ನವೆಂಬರ್ ಆಯ್ತು ಅಂದ್ರೆ ಸಿಕಾಡಗಳ ಕಾಲ, ಮಲೆನಾಡಿನವರಿಗೆ ಜೀರುಂಡೆ ಸದ್ದು ಗೊತ್ತಿರತ್ತೆ, ಆದ್ರೂ ಇಲ್ಲಿನ ಗ್ರೀನ್‌ಗ್ರೋಸರ್ ಅನ್ನೋ ಹಸಿರು ಸಿಕಾಡದ ಕೂಗಿಗೆ ಪಕ್ಕದಲ್ಲಿರೋರ ಮಾತೂ ಕೇಳ್ಸಲ್ಲ. ವರ್ಷಗಟ್ಟಲೆ ಮಣ್ಣೊಳಗೆ ಬೇರಿನ ರಸ ಹೀರ್ಕೊಂಡಿದ್ದು ಒಂದು ರಾತ್ರಿ ಮೇಲೆ ಬಂದು ಪೊರೆ ಕಳಚತ್ತೆ, ಬೆಳಗ್ಗೆ ಮಕ್ಕಳನ್ನ ಕರ್ಕೊಂಡು ಹೋದ್ರೆ ಕಾಂಡದ ಮೇಲೆ ಬೆನ್ನು ಸೀಳಿದ ಖಾಲಿ ಚಿಪ್ಪು ಅಂಟ್ಕೊಂಡಿರೋದು ತೋರಿಸ್ಬಹುದು. ನಮ್ಮ ಮುಜಂಟಿ ಜೇನಿನ ಹಾಗೇ ಚುಚ್ಚದೇ ಇರೋ ಜೇನೂ ಇಲ್ಲಿದೆ, ಮರದ ಪೊಟರೆ ಬಾಯಲ್ಲಿ ಸಣ್ಣ ಕಪ್ಪು ನೊಣದ ಥರ ಹಾರಾಡ್ತಾ ಇದ್ರೆ ಹತ್ರ ಹೋಗಿ ನೋಡಿ.

ಮಾರ್ಚ್‌ನಿಂದ ಜೂನ್ ತನಕ, ಮಳೆ ಬಿದ್ದು ಕೆಲವು ದಿನ ಆದ್ಮೇಲೆ, ಅಣಬೆ. ಲೇನ್ ಕೋವ್ ಬುಷ್‌ಲ್ಯಾಂಡ್ ಪಾರ್ಕ್‌ನಲ್ಲಿರೋ ಬಣ್ಣಬಣ್ಣದ ವ್ಯಾಕ್ಸ್‌ಕ್ಯಾಪ್ ಅಣಬೆಗಳ ಸಮುದಾಯಕ್ಕೆ ಕಾನೂನಿನ ರಕ್ಷಣೇನೇ ಇದೆ, ಹಾಗಾಗಿ ಅಲ್ಲಿ ದಾರಿ ಬಿಟ್ಟು ಒಂದು ಹೆಜ್ಜೆನೂ ಇಡ್ಬೇಡಿ. ಮರದ ಚಕ್ಕೆ ಹರಡಿದ ಕಡೆ ಕೆಂಪು ನಕ್ಷತ್ರದ ಥರ ಒಂದು ಬರತ್ತೆ, ಸ್ಟಿಂಕ್‌ಹಾರ್ನ್ ಅಂತ, ಮಧ್ಯದಲ್ಲಿ ಕಂದು ಲೋಳೆ, ಕೊಳೆತ ಮಾಂಸದ ವಾಸನೆ, ನೊಣ ಮುತ್ಕೊಂಡಿರತ್ತೆ, ಬೀಜಾಣು ಹರಡೋದೇ ಆ ನೊಣಗಳು.

ಊರಲ್ಲಿ ಮಳೆಗಾಲಕ್ಕೆ ಅಣಬೆ ಕಿತ್ತು ಸಾರು ಮಾಡಿದೋರಿಗೆ ಕೈಮುಗಿದು ಹೇಳ್ತೀನಿ, ಇಲ್ಲಿ ಕಾಡಿನ ಅಣಬೆ ತಿನ್ನಲೇಬೇಡಿ. ಊರಲ್ಲಿ ಅಜ್ಜಿ ಕಲಿಸಿದ ಗುರುತು ಇಲ್ಲಿ ನಡೆಯಲ್ಲ. ರಾತ್ರಿ ಹೊಳೆಯೋ ಗೋಸ್ಟ್ ಫಂಗಸ್ ಹಗಲಲ್ಲಿ ಥೇಟ್ ಆಯಿಸ್ಟರ್ ಮಶ್ರೂಮ್ ಥರ ಕಾಣತ್ತೆ, ಅದು ವಿಷ. ಡೆತ್ ಕ್ಯಾಪ್ ಅಂತೂ ಬೇಯಿಸಿದ್ರೂ ಪ್ರಾಣ ತೆಗೆಯತ್ತೆ. ಯಾರಾದ್ರೂ ತಿಂದಿದ್ರೆ ವಾಂತಿ ಶುರುವಾಗ್ಲಿ ಅಂತ ಕಾಯದೆ ತಕ್ಷಣ 13 11 26ಕ್ಕೆ (ವಿಷ ಮಾಹಿತಿ ಕೇಂದ್ರ) ಫೋನ್ ಮಾಡಿ, ಆಗ್ಲೇ ಸುಸ್ತಾಗಿದ್ರೆ 000ಕ್ಕೆ (ಆಂಬುಲೆನ್ಸ್).

ಹೋಗುವಾಗ ಉದ್ದ ಪ್ಯಾಂಟು, ಮುಚ್ಚಿದ ಶೂ. ಬುಲ್ ಆಂಟ್ ಅನ್ನೋ ದೊಡ್ಡ ಇರುವೆ ಗೂಡಿನ ಹತ್ರ ನಿಲ್ಬೇಡಿ, ಚುಚ್ಚಿದ್ರೆ ತುಂಬಾ ನೋವಾಗತ್ತೆ. ವಾಪಸ್ ಬಂದ್ಮೇಲೆ ಕಿವಿ ಹಿಂದೆ, ಕೂದಲೊಳಗೆ ಟಿಕ್ (ರಕ್ತ ಹೀರೋ ಉಣ್ಣೆ) ಇದೆಯಾ ನೋಡಿ, ಇದ್ರೆ ಹಿಸುಕ್ಬೇಡಿ, ಫಾರ್ಮಸೀಲಿ ಸಿಗೋ ಫ್ರೀಜ್ ಸ್ಪ್ರೇಯಿಂದ ಅಲ್ಲೇ ಸಾಯಿಸಿ. ಬಿಸಿಲು, ಗಾಳಿ ಜಾಸ್ತಿ ಇರೋ ದಿನ ಹೊರಡೋ ಮುಂಚೆ ಟೋಟಲ್ ಫೈರ್ ಬ್ಯಾನ್ (ಹೊರಗೆ ಬೆಂಕಿ ಹಚ್ಚೋದಕ್ಕೆ ಪೂರ್ತಿ ನಿಷೇಧ) ಇದೆಯಾ, ಪಾರ್ಕ್ ತೆಗೆದಿದೆಯಾ ಚೆಕ್ ಮಾಡಿ.

ಹೂವು, ಚಿಪ್ಪು, ಅಣಬೆ ಏನನ್ನೂ ಮನೆಗೆ ತರ್ಬೇಡಿ, ಫೋಟೋ ಸಾಕು. ಅಣಬೆ ಅಡಿಭಾಗದ ಪದರ ನೋಡೋಕೆ ಸಣ್ಣ ಕನ್ನಡಿ ಇಟ್ಕೊಂಡಿದ್ರೆ ಕೀಳೋ ಅಗತ್ಯಾನೇ ಇಲ್ಲ. ಐನ್ಯಾಚುರಲಿಸ್ಟ್ ಆಪ್‌ಗೆ ಹಾಕಿ, ಗೊತ್ತಿರೋರು ಹೆಸರು ಹೇಳ್ತಾರೆ, ಆ ದಾಖಲೆ ಅಟ್ಲಾಸ್ ಆಫ್ ಲಿವಿಂಗ್ ಆಸ್ಟ್ರೇಲಿಯಾ ಅನ್ನೋ ದೇಶದ ಜೀವಿಗಳ ಮಾಹಿತಿ ಸಂಗ್ರಹಕ್ಕೂ ಹೋಗತ್ತೆ. ಇನ್ನೂ ಕಲೀಬೇಕು ಅಂತಿದ್ರೆ ನಿಮ್ಮ ಕೌನ್ಸಿಲ್‌ನವರ ಬುಷ್‌ಕೇರ್ ಗುಂಪು (ಕಾಡು ನೋಡ್ಕೊಳ್ಳೋ ಸ್ವಯಂಸೇವಕರು) ಸೇರ್ಕೊಳ್ಳಿ, ನಮ್ಮೂರಲ್ಲೂ ಕಾಡು ತಿಂದ ಅದೇ ಲಂಟಾನ ಇಲ್ಲೂ ಕೀಳ್ತಾರೆ, ಗಿಡಗಳ ಹೆಸರು ಬಾಯಿಪಾಠ ಇರೋ ಹಿರಿಯರು ಅಲ್ಲಿ ಸಿಗ್ತಾರೆ, ಕೇಳಿದ್ರೆ ಖುಷಿಯಿಂದ ಹೇಳ್ಕೊಡ್ತಾರೆ.